ತೆಂಗಿನಕಾಯಿಯನ್ನು ಪರೀಕ್ಷೆಗಿಡುವುದು ಹೇಗೆ?

'ದೇವರಿದ್ದಾನೆ' ಎಂಬುದನ್ನು ಅಳೆಯುವ ಉಪಕರಣವಿಲ್ಲ. 'ದೇವರ ದಯೆಯಿಂದ ಅಂಗೈ ಮೇಲಿನ ತೆಂಗಿನಕಾಯಿ ನೆಲದಡಿ ನೀರಿರುವ ಪಾಯಿಂಟ್ ತೋರಿಸುತ್ತದೆ' ಎಂಬುದನ್ನು ಖಂಡಿತ ಪರೀಕ್ಷಿಸಬಹುದು. ಕೋಲಾರದ ಕಡೆ ಬೋರ್‌ವೆಲ್ ಕೊರೆಸುವ ಮುಂಚೆ ಕೇಳಿಬರುವ ಮಾತಿದು.

ಮುಚ್ಚಳವಿರುವ ಒಂದೇ ಬಗೆಯ 10 ಡ್ರಮ್ ಇಡಿ. ಚೀಟಿ ಎತ್ತಿ ಒಂದಕ್ಕೆ ನೀರು, ಉಳಿದವಕ್ಕೆ ಒಣ ಮರಳು ತುಂಬಿ. ನೀರಿರುವ ಡ್ರಮ್ ಯಾವುದೆಂದು ಕಾಯಿ ಹಿಡಿಯುವವರು ಹೇಳಲಿ. ಹೊಸ ಚೀಟಿಯೊಂದಿಗೆ 20 ಸಲ ಹೀಗೆ ಮಾಡಿ. ಬರೀ ಊಹೆಗೆ ಸರಾಸರಿ 2 ಸರಿಯಾಗುತ್ತವೆ; 7 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ಸಾವಿರಕ್ಕೆ ಎರಡು-ಮೂರು. ಹಾಗಾಗಿ ಗೆಲುವಿನ ಗಡಿ 7 ಎಂದು ಕಾಯಿ ಹಿಡಿಯುವವರಿಂದ ಮೊದಲೇ ಬರೆಸಿಕೊಳ್ಳಿ.

ಸೋತರೆ ಸೋತದ್ದು ಆ ಹೇಳಿಕೆ, ದೇವರಲ್ಲ. ಗೆದ್ದರೂ ಕಾರಣ ದೇವರೇ ಎಂದಾಗದು.

ಪರೀಕ್ಷೆ ಸುಲಭವಾಗಿ ಕೆಡುವುದು ನೀರು ತುಂಬಿದವರು ಅಲ್ಲೇ ನಿಂತಾಗ: ಅವರ ಮುಖವೇ ಸುಳಿವು ಕೊಡುತ್ತದೆ. ತುಂಬಿದ ಕೂಡಲೇ ಅವರನ್ನು ಕಣ್ಣಿಗೆ ಬೀಳದಷ್ಟು ದೂರ ಕಳಿಸಿ.