ದುರಾಸೆಗೆ ಇಂಗ್ಲಿಷಿನಲ್ಲಿ ಹತ್ತಾರು ಪದ: ಸರಿಯಾದದ್ದನ್ನು ಆರಿಸುವುದು ಹೀಗೆ

ಬ್ಯಾಂಕ್ ಪರೀಕ್ಷೆಗೆ ಓದುವವರ ಪಟ್ಟಿ ನೋಡಿ. ಗ್ರೀಡಿ ಎಂಬ ಪದದ ಎದುರು ವರೇಶಸ್, ರ್ಯಾವನಸ್, ರಪೇಶಸ್, ಆ್ಯವರಿಶಸ್, ಕವಿಟಸ್ ಎಲ್ಲ ಒಂದೇ ಸಾಲಿನಲ್ಲಿ ಕೂತಿರುತ್ತವೆ. ಬಾಯಿಪಾಠ ಮಾಡಿದರೆ ಒಂದು ಅಂಕ ಸಿಗಬಹುದು. ಆದರೆ ಆ ಪಟ್ಟಿಯನ್ನು ನಂಬಿ ವಾಕ್ಯ ಬರೆಯಲು ಕೂತರೆ ಎಡವಟ್ಟು ಖಂಡಿತ. ಲೈಬ್ರರಿಯ ಕಪಾಟುಗಳನ್ನೇ ಓದಿ ಮುಗಿಸಿದ ಹುಡುಗಿಯನ್ನು ವರೇಶಸ್ ರೀಡರ್ ಅಂದರೆ ಹೊಗಳಿಕೆ. ರಪೇಶಸ್ ರೀಡರ್ ಅಂದರೆ ಪುಸ್ತಕ ಕಿತ್ತುಕೊಂಡು ಓಡಿದಳೇನೋ ಅನ್ನಿಸುತ್ತದೆ.

ಆಸೆ ಎಷ್ಟು ದೊಡ್ಡದು ಅಂತ ಅಳೆಯಲು ಹೋಗಬೇಡಿ. ಇವೆಲ್ಲ ಜಾಸ್ತಿ ಆಸೆಯ ಪದಗಳೇ. ಅವುಗಳ ನಡುವೆ ಗೆರೆ ಎಳೆಯುವುದು ಬೇರೆ ಪ್ರಶ್ನೆಗಳು. ಒಂದೊಂದಾಗಿ ಕೇಳಿಕೊಳ್ಳೋಣ.

1. ಕಣ್ಣು ಯಾವುದರ ಮೇಲೆ?

ಊಟದ ಮೇಲೆ ಮಾತ್ರವಾದರೆ ಗ್ಲಟನಸ್. ಹೊಟ್ಟೆ ತುಂಬಿದ ಮೇಲೂ ತಿನ್ನುವವನಿಗೆ, ಕುಡಿಯುವವನಿಗೆ ಇದು ಸಲ್ಲುತ್ತದೆ. ಹಣ, ಆಸ್ತಿಯ ಮೇಲಾದರೆ ಆ್ಯವರಿಶಸ್. ಈ ಗೆರೆ ತುಂಬಾ ಹಳೆಯದು. ಆರನೇ ಶತಮಾನದಲ್ಲಿ ಪೋಪ್ ಗ್ರೆಗರಿ ದೊಡ್ಡ ಪಾಪಗಳ ಪಟ್ಟಿ ಮಾಡಿದಾಗಲೇ ಹೊಟ್ಟೆಬಾಕತನ ಬೇರೆ, ಹಣದಾಸೆ ಬೇರೆ ಎಂದು ಎಣಿಸಿದ್ದರು.

ಆ್ಯವರಿಶಸ್ ಮತ್ತು ಮೈಸರ್ಲಿ ಒಂದೇ ಅಂದುಕೊಳ್ಳುವವರು ಬಹಳ. ಮೊದಲನೆಯವನಿಗೆ ಇನ್ನೂ ಬೇಕು, ಎರಡನೆಯವನಿಗೆ ಇರುವುದನ್ನು ಬಿಡಲು ಆಗುವುದಿಲ್ಲ. ಜಿಪುಣ ಎರಡನೆಯವನು. ಸ್ಟಿಂಜಿಯೂ ಅದೇ ಕಡೆಗೆ ಸೇರಿದ್ದು, ಆದರೆ ಮಾತಿನಲ್ಲಿ ಜಾಸ್ತಿ ಬಳಕೆ.

ಬೇರೆಯವರ ವಸ್ತುವಿನ ಮೇಲೇ ಕಣ್ಣಿದ್ದರೆ? ಅದು ಕವಿಟಸ್. ಬೈಬಲ್ಲಿನ ಹತ್ತು ಕಟ್ಟಳೆಗಳಲ್ಲಿ ಕೊನೆಯದರ ಇಂಗ್ಲಿಷಿನಲ್ಲಿ ಬರುವ ಕ್ರಿಯಾಪದವೂ ಇದೇ ಬೇರಿನದು. ನೆರೆಯವನ ಮನೆ, ಹೆಂಡತಿ, ಎತ್ತು, ಕತ್ತೆ, ಯಾವುದಕ್ಕೂ ಆಸೆಪಡಬೇಡ ಎನ್ನುವ ಕಟ್ಟಳೆ ಅದು. ಹಾಗಾಗಿ ಇಲ್ಲಿ ವಸ್ತುವಿಗೆ ಸಾಮಾನ್ಯವಾಗಿ ಒಬ್ಬ ಒಡೆಯ ಇರುತ್ತಾನೆ. ಎನ್ವಿಯಸ್ ಇದಕ್ಕೆ ಹತ್ತಿರ, ಆದರೆ ಅದರಲ್ಲಿ ಹೊಟ್ಟೆಕಿಚ್ಚು ಮುಂದೆ, ಆಸೆ ಹಿಂದೆ.

2. ಯಾರಾದರೂ ಕಳೆದುಕೊಳ್ಳುತ್ತಿದ್ದಾರಾ?

ಹೌದು ಅನ್ನುವುದಾದರೆ ರಪೇಶಸ್. ನನ್ನ ಲೆಕ್ಕದಲ್ಲಿ ಈ ಗುಂಪಿನ ಅತಿ ಖಾರದ ಪದ ಇದೇ. ಕಸಿದುಕೊಳ್ಳುವುದು ಎಂಬ ಲ್ಯಾಟಿನ್ ಕ್ರಿಯಾಪದದಿಂದ ಬಂದದ್ದು. ಹದ್ದು, ಗಿಡುಗಗಳಿಗೆ ರ‍್ಯಾಪ್ಟರ್ ಎನ್ನುತ್ತಾರಲ್ಲ, ಅದರ ಬೇರೂ ಇದೇ. ಬರೀ ಆಸೆ ಇದ್ದರೆ ಸಾಲದು, ಬಲಿಯೂ ಬೇಕು. ಮನೆಯಲ್ಲಿ ಕೂತು ಕೋಟಿಯ ಕನಸು ಕಾಣುವವನು ರಪೇಶಸ್ ಆಗುವುದಿಲ್ಲ. ಮೀಟರ್ ಬಡ್ಡಿಗೆ ಸಾಲ ಕೊಟ್ಟು ಸಾಲಗಾರನ ಹೊಲ ಬರೆಸಿಕೊಳ್ಳುವವನು ಆಗುತ್ತಾನೆ.

ಈ ಪದಕ್ಕೆ ಈಸ್ಟ್ ಇಂಡಿಯಾ ಕಂಪನಿಗಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ. 1770ರಲ್ಲಿ ಬಂಗಾಳ ಬರಗಾಲದಲ್ಲಿ ಸಾಯುತ್ತಿದ್ದಾಗಲೂ ಕಂಪನಿ ಕಂದಾಯ ವಸೂಲಿ ನಿಲ್ಲಿಸಲಿಲ್ಲ. 1783ರ ಡಿಸೆಂಬರಿನಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಅಲ್ಲಿನ ಸದಸ್ಯ ಎಡ್ಮಂಡ್ ಬರ್ಕ್ ಮಾತಾಡುತ್ತಾ, ಇಂಡಿಯಾಕ್ಕೆ ಹೋಗುತ್ತಿದ್ದ ಕಂಪನಿಯ ಯುವಕರನ್ನು ಹಿಂಡು ಹಿಂಡಾಗಿ ಬಂದಿಳಿಯುವ ಬೇಟೆಹಕ್ಕಿಗಳು ಎಂದರು. ಬಂದು, ತಿಂದು, ಹಾರಿಹೋಗುವವರು. ಇವರ ಹಸಿವು ಮತ್ತೆ ಮತ್ತೆ ಹುಟ್ಟುತ್ತದೆ, ಊಟವಾದ ದೇಶ ಮಾತ್ರ ಸವೆಯುತ್ತಲೇ ಇದೆ ಎನ್ನುವುದು ಅವರ ಮಾತಿನ ಸಾರ. ರಪೇಶಸ್ ಪದದ ಪೂರ್ತಿ ಅರ್ಥ ಅಲ್ಲೇ ಇದೆ: ಬೇಟೆ, ಹಸಿವು, ಸವೆಯುವ ಬಲಿ.

3. ಈಗಿನ ಹಸಿವೋ, ಯಾವಾಗಲೂ ಇರುವುದೋ?

ರ್ಯಾವನಸ್ ಊಟ ಬಡಿಸುವ ತನಕದ ಸ್ಥಿತಿ. ಏಕಾದಶಿ ಉಪವಾಸ ಮುಗಿಸಿ ಎಲೆಯ ಮುಂದೆ ಕೂತವರು ರ್ಯಾವನಸ್. ಉಂಡ ಮೇಲೆ ಅಲ್ಲ. ವರೇಶಸ್ ಹಾಗಲ್ಲ, ಅದು ಸ್ವಭಾವ. ರೇಷ್ಮೆ ಸಾಕುವವರಿಗೆ ಈ ವ್ಯತ್ಯಾಸ ಸುಲಭವಾಗಿ ಹೊಳೆಯುತ್ತದೆ. ಹುಳು ನಾಲ್ಕನೇ ಜ್ವರ (ತಿನ್ನದೆ ಪೊರೆ ಕಳಚುವ ಹಂತ) ಬಿಟ್ಟೆದ್ದ ಕ್ಷಣ ರ್ಯಾವನಸ್. ಅಲ್ಲಿಂದ ಗೂಡು ಕಟ್ಟುವ ತನಕ, ತನ್ನ ಇಡೀ ಜೀವನದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಪಾಲನ್ನು ಮುಗಿಸುವ ಆ ಕೊನೆಯ ಹಂತದ ಹುಳು ವರೇಶಸ್. ಬೈಗುಳವೇನೂ ಇಲ್ಲ, ಹುಳು ತಿಂದರೆ ತಾನೇ ಗೂಡು.

ಎಷ್ಟು ಕೊಟ್ಟರೂ ಸಾಕು ಅನ್ನದಿದ್ದರೆ ಇನ್ಸೇಶಬಲ್.

ರ್ಯಾವನಸ್ ಬಗ್ಗೆ ಎರಡು ಎಚ್ಚರಿಕೆ. ಕಾಡುಕಾಗೆಗೆ ಇಂಗ್ಲಿಷಿನಲ್ಲಿ ರೇವನ್ ಎನ್ನುತ್ತಾರೆ ಅಂತ ಇದನ್ನು ರೇವನಸ್ ಎಂದು ಓದಬೇಡಿ. ಕಾಗೆಗೂ ಇದಕ್ಕೂ ಸಂಬಂಧವಿಲ್ಲ. ಇನ್ನೊಂದು, ರ್ಯಾವಿಶಿಂಗ್ ಜೊತೆ ಬೆರೆಸಬೇಡಿ. ಹಸಿವಾಗಿದೆ ಎನ್ನಲು ಹೋಗಿ 'ಐ ಆ್ಯಮ್ ರ್ಯಾವಿಶಿಂಗ್' ಅಂದರೆ ನಾನು ಎಂಥಾ ಚೆಂದ ನೋಡಿ ಎಂದಂತಾಗುತ್ತದೆ!

ವ್ಯಾಕರಣದ್ದೂ ಒಂದು ಸಣ್ಣ ಮಾತು. ವೆರಿ ಹಂಗ್ರಿ ಸರಿ. ವೆರಿ ರ್ಯಾವನಸ್ ಕಿವಿಗೆ ಹಿಡಿಸುವುದಿಲ್ಲ, ಯಾಕೆಂದರೆ ವೆರಿ ಅದರೊಳಗೇ ಇದೆ. ಒತ್ತಿ ಹೇಳಬೇಕಾದರೆ ಆ್ಯಬ್ಸಲ್ಯೂಟ್ಲಿ ಸೇರಿಸಿ. ಸ್ಟಾರ್ವಿಂಗ್ ಮತ್ತು ಫ್ಯಾಮಿಶ್ಡ್ ಕೂಡ ಹಾಗೇ. ಸ್ಟಾರ್ವಿಂಗ್ ಮೂಲದಲ್ಲಿ ಸಾಯುವುದು ಎಂಬ ಅರ್ಥದ ಪದ. ಗೆಳೆಯರ ನಡುವೆ ಸುಮ್ನೆ ಹೇಳಿಕೊಳ್ಳಬಹುದು, ಬರದ ವರದಿಯಲ್ಲಿ ಮಾತ್ರ ನಿಜವಾಗಿ ಅನ್ನವಿಲ್ಲದವರಿಗೇ ಮೀಸಲಿಡಿ. ಸಂಜೆ ನಾಲ್ಕಕ್ಕೆ ಚಕ್ಕುಲಿ ಡಬ್ಬ ಕಡೆ ಕೈ ಹೋಗುವಷ್ಟು ಹಸಿವಿಗೆ ಬ್ರಿಟಿಷರು ಪೆಕಿಶ್ ಎನ್ನುತ್ತಾರೆ.

4. ಬೈಯುತ್ತಿದ್ದೀರೋ, ಹೊಗಳುತ್ತಿದ್ದೀರೋ?

ಇಲ್ಲೇ ಹೆಚ್ಚು ಜನ ಜಾರುವುದು. ಆ್ಯವಿಡ್ ಮತ್ತು ಆ್ಯವರಿಶಸ್ ಒಂದೇ ಬೇರಿನವು, ಹಂಬಲಿಸುವುದು ಎಂಬ ಲ್ಯಾಟಿನ್ ಪದದ ಮಕ್ಕಳು. ಆದರೆ ಆ್ಯವಿಡ್ ಕ್ರಿಕೆಟ್ ಅಭಿಮಾನಿ ಅಂದರೆ ಮೆಚ್ಚುಗೆ, ಆ್ಯವರಿಶಸ್ ಎಲ್ಲೇ ಬರಲಿ ಬೈಗುಳ. ವರೇಶಸ್, ಇನ್ಸೇಶಬಲ್ ಎರಡೂ ಕಡೆ ವಾಲುತ್ತವೆ. ಪುಸ್ತಕ, ಕುತೂಹಲ ಪಕ್ಕದಲ್ಲಿದ್ದರೆ ಹೊಗಳಿಕೆ, ಅಧಿಕಾರ ಪಕ್ಕದಲ್ಲಿದ್ದರೆ ದೂರು. ಅಕ್ವಿಸಿಟಿವ್ ವಾಣಿಜ್ಯ ಪುಟದ ಪದ. ಬೇರೆ ಕಂಪನಿಗಳನ್ನು ಒಂದರ ಹಿಂದೊಂದು ಕೊಳ್ಳುವ ಕಂಪನಿಗೆ ಅಷ್ಟೇನೂ ತಪ್ಪು ಹೊರಿಸದೆ ಹಾಗೆನ್ನುತ್ತಾರೆ.

ಗ್ರೀಡಿ ಮನೆಮಾತಿನ ಪದ, ಮಕ್ಕಳನ್ನು ಗದರಲು ಅದೇ ಸಾಕು. ಅದಕ್ಕೂ ಒಂದು ನಿರಪರಾಧಿ ಬಳಕೆ ಇದೆ. ಕಂಪ್ಯೂಟರ್ ಓದಿದವರಿಗೆ ಗ್ರೀಡಿ ಅಲ್ಗಾರಿದಮ್ ಗೊತ್ತಲ್ವಾ? ಅಂಗಡಿಯವರು 380 ರೂಪಾಯಿ ಚಿಲ್ಲರೆ ಕೊಡುವಾಗ ಮೊದಲು 200, ಆಮೇಲೆ 100, 50, 20, 10 ಎಂದು ದೊಡ್ಡ ನೋಟಿನಿಂದ ಇಳಿಯುತ್ತಾ ಬರುತ್ತಾರೆ. ಪ್ರತಿ ಹೆಜ್ಜೆಯಲ್ಲೂ ಆಗ ಕಾಣುವ ದೊಡ್ಡ ತುತ್ತನ್ನೇ ಎತ್ತಿಕೊಳ್ಳುವ ಈ ವಿಧಾನಕ್ಕೆ ಆ ಹೆಸರು.

5. ಕೊನೆಗೆ ಅಕ್ಷರ ನೋಡಿ

ವರೇಶಸ್ ಬರೆಯುವಾಗ ಮೊದಲ ಸ್ವರ 'ಓ' ಅಕ್ಷರ. ಅಲ್ಲಿ 'ಇ' (E) ಅಕ್ಷರ ಬಿದ್ದರೆ ಸತ್ಯವಂತ ಎಂಬ ಅರ್ಥದ ಬೇರೆಯೇ ಪದ. ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ಇದನ್ನು ಹಿಡಿಯದಿರಬಹುದು, ಎರಡೂ ಸರಿಯಾದ ಪದಗಳೇ. ಜೊತೆಗೆ, ಗ್ರೀಡಿ ಆದಮೇಲೆ 'ಫಾರ್' ಬರುತ್ತದೆ, ಕವಿಟಸ್ ಆದಮೇಲೆ 'ಆಫ್'.

ಈಗ ನೀವೇ ಹಾಕಿ ನೋಡಿ. ಪಕ್ಕದ ಸೈಟಿನ ತೆಂಗಿನಮರ ನನ್ನದಾಗಿದ್ದರೆ ಅನ್ನುವವನು? ಕವಿಟಸ್. ಹೊಳೆಯ ಮರಳನ್ನು ರಾತ್ರೋರಾತ್ರಿ ಬಗೆದು ಊರಿನ ಬಾವಿ ಬತ್ತಿಸುವವನು? ರಪೇಶಸ್. ಮದುವೆ ಮನೆಯಲ್ಲಿ ಎಂಟನೇ ಹೋಳಿಗೆಗೆ ಕೈ ಚಾಚಿದವನು? ಮುಂದಿನ ಪಂಕ್ತಿಗೆ ಹೋಳಿಗೆ ಉಳಿಯದಿದ್ದರೆ ಗ್ರೀಡಿ, ಉಳಿದರೆ ಗ್ಲಟನಸ್. ಬೆಳಗಿನಿಂದ ಅಡುಗೆಮನೆಯಲ್ಲಿ ನಿಂತು ಏನೂ ತಿನ್ನದ ಅಡುಗೆಭಟ್ಟರೇ ಕೈ ಚಾಚಿದ್ದರೆ, ಪಾಪ, ರ್ಯಾವನಸ್.