ಹುಲ್ಲುಹಾಸಿನ ಮೂರೆಲೆ ಕಳೆ: ಒಂದನ್ನು ಕಿತ್ತೆ, ಇನ್ನೊಂದನ್ನು ಉಳಿಸಿಕೊಂಡೆ

ಚಿಕ್ಕಬಳ್ಳಾಪುರದ ಹೊರವಲಯದಲ್ಲಿರುವ ನಮ್ಮ ಮನೆಯ ಮುಂದಿನ ಗರಿಕೆ ಹಾಸಿನಲ್ಲಿ ಮುಂಗಾರು ಶುರುವಾದೊಡನೆ ಮೂರೆಲೆಯ ಕಳೆ ಹಬ್ಬುತ್ತದೆ. ನೋಡಿದವರು ಅದನ್ನು ಕ್ಲೋವರ್ ಎನ್ನುತ್ತಾರೆ. ಆದರೆ ಬಿಳಿ ಕ್ಲೋವರ್ ತಂಪು ಸೀಮೆಯ ಗಿಡ. ನಮ್ಮ ಅಂಗಳದಲ್ಲಿದ್ದದ್ದು ಬೇರೆಯೇ ಎರಡು ಗಿಡಗಳು, ಎರಡಕ್ಕೂ ಒಂದೇ ಮದ್ದು ಸಲ್ಲದು.

ಮೊದಲನೆಯದು ಪುಳ್ಳಂಪುರಚಿ. ಇದರ ಎಲೆಯ ಮೂರು ದಳಗಳೂ ಹೃದಯದಾಕಾರದವು, ಹೂವು ಹಳದಿ, ಎಲೆ ಹುಳಿ. ಪುಟಾಣಿ ಬೆಂಡೆಯಂತಿರುವ ಕಾಯಿ ಬಲಿತ ಮೇಲೆ ಬೆರಳು ತಾಕಿದರೂ ಸಿಡಿದು ಬೀಜ ಚೆಲ್ಲುತ್ತದೆ. ಎರಡನೆಯದು ಡೆಸ್ಮೋಡಿಯಂ, ಇನ್ನೂ ಚಿಕ್ಕ ಎಲೆ, ನಸುನೇರಳೆ ಹೂವು, ಬಟ್ಟೆಗಂಟುವ ಗೆಣ್ಣುಗೆಣ್ಣಾದ ಕಾಯಿ. ಅದನ್ನು ಬೇರುಸಹಿತ ಎತ್ತಿ ಮಣ್ಣು ತೊಳೆದಾಗ, ಕಡಲೆಕಾಯಿ ಗಿಡದ ಬೇರಿನಲ್ಲಿರುವಂಥವೇ ಸಣ್ಣ ಗಂಟುಗಳು ಕಂಡವು. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅಂದರೆ ಅಲ್ಲಿನ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿತ್ತು. ಇಂಥ ಗಿಡ ಹುಲ್ಲನ್ನು ಹಿಂದಿಕ್ಕುತ್ತಿದ್ದರೆ ಮಣ್ಣಿನಲ್ಲಿ ಸಾರಜನಕ ಸಾಲದಾಗಿರಬಹುದೆಂದು ಮೊದಲು ಅನುಮಾನಿಸಬೇಕು.

ಔಷಧಿ ಅಂಗಡಿಯವರು 2,4-ಡಿ ಎಂಬ ಕಳೆನಾಶಕ ಸಿಂಪಡಿಸಲು ಹೇಳಿದರು. ಅದು ಹುಲ್ಲನ್ನು ಉಳಿಸಿ ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ, ನಿಜ. ಆದರೆ ನಮ್ಮ ಕಾಂಪೌಂಡಿನ ಆಚೆಗೆ ದ್ರಾಕ್ಷಿ ಚಪ್ಪರವಿದೆ, ಅದರ ಪಕ್ಕದಲ್ಲಿ ಟೊಮೆಟೊ ಇದೆ. ಗಾಳಿಯಲ್ಲಿ ತೇಲಿಬಂದ ಅತ್ಯಲ್ಪ 2,4-ಡಿಗೂ ಈ ಎರಡು ಬೆಳೆಗಳ ಎಲೆ ಮುದುಡಿ ಫಸಲು ಕೆಡಬಹುದು. ನಮ್ಮ ಅಂಗಳದ ಅಂದಕ್ಕಾಗಿ ಪಕ್ಕದ ರೈತರ ಬೆಳೆಯನ್ನು ಅಪಾಯಕ್ಕೊಡ್ಡುವುದು ಅನ್ಯಾಯವೆಂದು ನಾನು ಅದನ್ನು ಕೊಳ್ಳಲೇ ಇಲ್ಲ.

ಪುಳ್ಳಂಪುರಚಿಯನ್ನು ಕೈಯಿಂದಲೇ ತೆಗೆಯುತ್ತೇನೆ. ಮಳೆ ಬಂದ ಮರುದಿನ, ಕಾಯಿ ಬಲಿಯುವ ಮುನ್ನ, ಕುಡುಗೋಲಿನ ತುದಿಯಿಂದ ತಾಯಿಬೇರನ್ನು ಸಡಿಲಿಸಿ, ಹಬ್ಬಿದ ಕಾಂಡವನ್ನು ಗೆಣ್ಣುಗೆಣ್ಣಿಗೂ ಬಿಡಿಸಿಕೊಂಡು ಎಳೆಯಬೇಕು, ಏಕೆಂದರೆ ಪ್ರತಿ ಗೆಣ್ಣೂ ಬೇರು ಬಿಟ್ಟಿರುತ್ತದೆ. ಕಿತ್ತದ್ದನ್ನು ಗೊಬ್ಬರದ ಗುಂಡಿಗೆ ಹಾಕುವುದಿಲ್ಲ.

ಹುಲ್ಲಿಗೆ ಬಲ ಬರಲೆಂದು ಮಳೆಗಾಲದಲ್ಲಿ ಚದರ ಮೀಟರಿಗೆ 10 ಗ್ರಾಂ ಯೂರಿಯಾ ಎರಚಿ, ಎಲೆ ಸುಡದಂತೆ ಕೂಡಲೇ ನೀರು ಹಾಯಿಸಿದೆ. ಯೂರಿಯಾದಲ್ಲಿ ಸಾರಜನಕ ಶೇ. 46ರಷ್ಟಿರುವುದರಿಂದ ಇದರಲ್ಲಿ ಸಿಗುವುದು 4.6 ಗ್ರಾಂ. ಬೋಳಾದ ನೆಲ ಕಳೆಗೆ ಆಹ್ವಾನವಾದ್ದರಿಂದ ಹುಲ್ಲನ್ನು ಈಗ 4 ಸೆಂಟಿಮೀಟರಿಗಿಂತ ಕೆಳಗೆ ಕತ್ತರಿಸುವುದಿಲ್ಲ. ಗರಿಕೆ ದಟ್ಟವಾದಂತೆ ಡೆಸ್ಮೋಡಿಯಂ ತಾನಾಗಿಯೇ ಹಿಂದೆ ಸರಿಯಿತು.

ಅದನ್ನು ಪೂರ್ತಿ ತೆಗೆಯುವ ಮನಸ್ಸು ನನಗಿಲ್ಲ. ಬೋರ್‌ವೆಲ್ ನೀರು ಸಾಲದೆ ಬೇಸಿಗೆಯಲ್ಲಿ ಗರಿಕೆ ಕಂದುವ ಗೇಟಿನ ಬದಿಯ ಪಟ್ಟಿಯಲ್ಲಿ ಅದನ್ನೇ ಬೆಳೆಯಲು ಬಿಟ್ಟಿದ್ದೇನೆ, ಅಲ್ಲಿಗೆ ಯೂರಿಯಾ ಹಾಕುವುದಿಲ್ಲ. ಮಕ್ಕಳು ಆಡುವ ಕಡೆ ಮಾತ್ರ, ಕಾಯಿ ಬಟ್ಟೆಗೆ ಅಂಟುವುದರಿಂದ, ಹೂವು ಬಿಟ್ಟಾಗಲೇ ಕತ್ತರಿಸುತ್ತೇನೆ.