ಓಕ್‌ಲೆಂಡಿನ ಹೋರಾಟದ ಮಕ್ಕಳಿಗೆ ಆನ್‌ಲೈನಿನಲ್ಲಿ ಜಾಗ ಮಾಡಿಕೊಟ್ಟದ್ದು

2020ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡ್ ನಗರದ ಮತದಾರರು ‘ಮೆಷರ್ ಕ್ಯೂಕ್ಯೂ’ಗೆ ಒಪ್ಪಿಗೆ ಕೊಟ್ಟರು. ಶಾಲಾ ಮಂಡಳಿಯ ಚುನಾವಣೆಯಲ್ಲಿ 16, 17 ವಯಸ್ಸಿನವರೂ ಮತ ಹಾಕಬಹುದು ಅನ್ನುವ ನಿರ್ಣಯ ಅದು. ಆದರೆ ಮಕ್ಕಳ ಕೈಗೆ ಮತಪತ್ರ ಸಿಕ್ಕಿದ್ದು 2024ರ ನವೆಂಬರಿನಲ್ಲಿ. ಈ ನಡುವೆ ಬೆನ್ನು ಬಿಡದೆ ಓಡಾಡಿದವರಲ್ಲಿ ಕಪ್ಪು, ಲ್ಯಾಟಿನೊ, ಏಷ್ಯನ್ ಮನೆಗಳ ಹೈಸ್ಕೂಲು ಮಕ್ಕಳು ಬಹಳ. ಅಂಥವರ ಒಂದು ಸಣ್ಣ ಸಂಘಟನೆಗೆ ನಾನು ಆನ್‌ಲೈನ್ ಜಾಗ ಕಟ್ಟಿಕೊಟ್ಟೆ. ಆ್ಯಪ್ ಡಿಸೈನ್ ನನ್ನ ಹೊಟ್ಟೆಪಾಡು. ಜನ ಫೋನು ಕೆಳಗಿಡದ ಹಾಗೆ ಮಾಡುವುದಕ್ಕೇ ಅಲ್ಲಿ ಸಂಬಳ. ಇಲ್ಲಿ ಬೇಕಾಗಿದ್ದು ಅದರ ತದ್ವಿರುದ್ಧ.

ಹೊಸ ಆ್ಯಪ್ ಅಂದ ಕೂಡಲೇ ಮಕ್ಕಳು ಮುಖ ಸಿಂಡರಿಸಿದರು. ಆಟಕ್ಕೆಂದು ಎಲ್ಲರ ಫೋನಿನಲ್ಲೂ ಡಿಸ್ಕಾರ್ಡ್ ಎಂಬ ಗುಂಪು ಹರಟೆಯ ಆ್ಯಪ್ ಇತ್ತು, ಅದನ್ನೇ ಹಿಡಿದೆವು. ಆದರೆ ಡಿಸ್ಕಾರ್ಡಿನ ಸಂದೇಶಗಳಿಗೆ ಎನ್‌ಕ್ರಿಪ್ಷನ್ನಿನ ಪೂರ್ತಿ ಕಾವಲಿಲ್ಲ. ಕಂಪನಿ ಓದಬಹುದು, ಕೋರ್ಟ್ ಕೇಳಿದರೆ ಕೊಡಬೇಕಾಗಬಹುದು. 2016ರಲ್ಲಿ ಜಿಯೋಫೀಡಿಯಾ ಅನ್ನುವ ಕಂಪನಿ ಫೇಸ್‌ಬುಕ್, ಟ್ವಿಟರ್, ಇನ್‌ಸ್ಟಾಗ್ರಾಂಗಳ ಪೋಸ್ಟುಗಳನ್ನು ಒಟ್ಟುಮಾಡಿ ಪೊಲೀಸರಿಗೆ ಒದಗಿಸುತ್ತಿದ್ದ ವಿಷಯವನ್ನು ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ಹೊರಹಾಕಿತ್ತು. ಪ್ರತಿಭಟನೆಗಳ ಮೇಲೆ ಕಣ್ಣಿಡಲು ಅದು ಬಳಕೆಯಾಗುತ್ತಿತ್ತು. ಆಗ ಈ ಮಕ್ಕಳು ಪ್ರೈಮರಿ ಶಾಲೆಯಲ್ಲಿದ್ದರೂ ಅವರ ಅಣ್ಣ ಅಕ್ಕಂದಿರಿಗೆ ಅದು ಚೆನ್ನಾಗಿ ನೆನಪಿತ್ತು. ಹಾಗಾಗಿ ಎಲ್ಲಿ ಸೇರುವುದು, ಯಾವ ದಾರಿಯಲ್ಲಿ ಮೆರವಣಿಗೆ ಎಂಬ ಮಾತೆಲ್ಲ, ಸಂದೇಶವನ್ನು ಕಂಪನಿಯೂ ಓದಲಾಗದ ಸಿಗ್ನಲ್ ಆ್ಯಪ್‌ನಲ್ಲಿ. ಫೋಟೊಗಳೂ ಮೊದಲು ಅಲ್ಲಿಗೇ. 2020ರ ಜೂನಿನಿಂದ ಸಿಗ್ನಲ್‌ನಲ್ಲಿ ಮುಖ ಮಸುಕು ಮಾಡುವ ಸೌಲಭ್ಯವಿದೆ. ಡಿಸ್ಕಾರ್ಡಿನಲ್ಲಿ ನಿಜ ಹೆಸರಿಲ್ಲ, ಶಾಲೆಯ ಹೆಸರಿಲ್ಲ. ಹಳೆಯ ಮಾತನ್ನು ಒಂದು ಬಾಟ್, ಅಂದರೆ ತಾನೇ ಕೆಲಸ ಮಾಡುವ ಪ್ರೋಗ್ರಾಂ, ಅಳಿಸುತ್ತಾ ಹೋಗುತ್ತದೆ. 14 ದಿನ ದಾಟಿದ ಸಂದೇಶಗಳನ್ನು ಒಟ್ಟಿಗೆ ಅಳಿಸಲು ಡಿಸ್ಕಾರ್ಡ್ ಬಿಡುವುದಿಲ್ಲವಾದ್ದರಿಂದ ಗಡುವನ್ನು 10 ದಿನಕ್ಕೆ ಇಟ್ಟೆವು.

ಅಳಲು ಹೇಳಿಕೊಳ್ಳುವ ಚಾನೆಲ್ಲಿಗೆ ಲೈಕು ಬೇಡ ಅಂತ ಮಕ್ಕಳೇ ಹೇಳಿದರು. ಒಬ್ಬಳ ಸಂಕಟಕ್ಕೆ 40 ಹೃದಯ, ಇನ್ನೊಬ್ಬನದಕ್ಕೆ ಎರಡು ಬಿದ್ದರೆ ಹೇಗಿರುತ್ತದೆ? ಆ ಚಾನೆಲ್ಲಿನಲ್ಲಿ ಇಮೋಜಿ ಹಾಕುವ ಅನುಮತಿ ತೆಗೆದೆ. ಡಿಸ್ಕಾರ್ಡಿನ ಒಂದು ಚಾಳಿ ಆಗ ಉಪಯೋಗಕ್ಕೆ ಬಂತು: ಅನುಮತಿ ಇಲ್ಲದವರೂ ಅದಾಗಲೇ ಬಿದ್ದಿರುವ ಇಮೋಜಿಯನ್ನು ಒತ್ತಬಹುದು. ಹಾಗಾಗಿ ಪ್ರತಿ ಸಂದೇಶದ ಕೆಳಗೆ ಬಾಟ್ ತಾನೇ ಎತ್ತಿದ ಕೈಯ ಇಮೋಜಿಯೊಂದನ್ನು ಹಾಕುತ್ತದೆ. ಯಾರಾದರೂ ಒತ್ತಿದರೆ ಆ ಗುರುತನ್ನು ಕೂಡಲೇ ತೆಗೆದು, ಮಾತುಕತೆಯನ್ನು ನೋಡಿಕೊಳ್ಳುವ ಮಾಡರೇಟರುಗಳ ಖಾಸಗಿ ಚಾನೆಲ್ಲಿಗೆ ಸುದ್ದಿ ಮುಟ್ಟಿಸುತ್ತದೆ. ‘ಇವನನ್ನು ಸ್ವಲ್ಪ ವಿಚಾರಿಸಿ’ ಎನ್ನಲೂ ಅದೇ, ‘ಈ ಮಾತು ಸರಿಯಿಲ್ಲ’ ಎನ್ನಲೂ ಅದೇ. ದೂರು ಕೊಡುವ ಗುಂಡಿ ಅಂತ ಇಟ್ಟಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ದೂರು ಅಂದರೆ ಆ ಬೀದಿಗಳಲ್ಲಿ ಪೊಲೀಸರ ನೆನಪು.

ಆತ್ಮಹತ್ಯೆಯ ಯೋಚನೆ, ಮಾನಸಿಕ ಸಂಕಟದಲ್ಲಿರುವವರಿಗಾಗಿ ಅಮೆರಿಕದಲ್ಲಿರುವ 988 ಸಹಾಯವಾಣಿಯ ಸಂಖ್ಯೆ ಹಾಕಿದಾಗಲೂ ಬಂದ ಮೊದಲ ಪ್ರಶ್ನೆ, ಫೋನ್ ಮಾಡಿದರೆ ಪೊಲೀಸರು ಬರುತ್ತಾರಾ ಎಂಬುದು. ಬಹುಪಾಲು ಬರಿಯ ಮಾತುಕತೆ, ಅಪರೂಪಕ್ಕೆ ಬರಲೂಬಹುದು ಎಂದು ಇದ್ದದ್ದನ್ನೇ ಬರೆದೆವು. ಮಕ್ಕಳ ಮೇಲೆ ದೌರ್ಜನ್ಯ ನಡೆದಿರುವ ಅನುಮಾನ ಬಂದರೆ ಸಂಘಟನೆಯ ದೊಡ್ಡವರು ಕಾನೂನಿನಂತೆ ವರದಿ ಮಾಡಲೇಬೇಕು, ಗುಟ್ಟಾಗಿ ಇಟ್ಟುಕೊಳ್ಳಲಾರರು ಎಂಬುದನ್ನೂ ಒಳಬರುವವರಿಗೆ ಮೊದಲೇ ಕಾಣುವಂತೆ ಹಾಕಿದೆವು. ಇದನ್ನು ಓದಿದರೆ ಮಕ್ಕಳು ಬಾಯಿ ಬಿಡುವುದಿಲ್ಲ ಎಂದವರಿದ್ದರು. ಬಿಟ್ಟರು, ಏನನ್ನು ಯಾರ ಮುಂದೆ ಹೇಳಬೇಕೆಂದು ಲೆಕ್ಕ ಹಾಕಿಕೊಂಡು.

ನಾನು ಕನ್ನಡದವನಾಗಿದ್ದು ಕೆಲಸಕ್ಕೆ ಬಂದದ್ದು 2023ರಲ್ಲಿ. ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾದಲ್ಲೂ ಜಾತಿ ತಾರತಮ್ಯವನ್ನು ತಡೆಯುವ ಎಸ್‌ಬಿ 403 ಮಸೂದೆಯ ಚರ್ಚೆ ಕಾವೇರಿತು. ನಮ್ಮ ದಕ್ಷಿಣ ಏಷ್ಯಾದ ಮಕ್ಕಳ ಚಾನೆಲ್ಲಿನಲ್ಲಿ ಒಬ್ಬಳು ತನ್ನ ಜಾತಿಯ ಬಗ್ಗೆ ನಾಲ್ಕು ಸಾಲು ಬರೆದಳು. ಬಂದ ಉತ್ತರಗಳು ಕೇಳಲು ಬಲು ಸಭ್ಯ: ನಿಮ್ಮ ಸರ್‌ನೇಮ್ ಏನು, ಮನೆಯಲ್ಲಿ ವೆಜ್ಜಾ, ಊರಿನಲ್ಲಿ ಮನೆ ಯಾವ ಕಡೆ. ಬೈಗುಳ ಒಂದೂ ಇಲ್ಲ. ಕಪ್ಪು ಮತ್ತು ಮೆಕ್ಸಿಕನ್ ಮನೆಗಳಿಂದ ಬಂದ ಮಾಡರೇಟರುಗಳಿಗೆ ಅದು ಪರಿಚಯದ ಮಾತಿನಂತೆ ಕಂಡಿತು. ನನಗೆ ಮೈ ಉರಿಯಿತು, ಯಾಕೆಂದರೆ ಇದೇ ಮೂರು ಪ್ರಶ್ನೆಯನ್ನು ನಮ್ಮ ಕಡೆ ಬಾಡಿಗೆ ಮನೆ ಕೊಡುವವರು ಕೇಳುವುದನ್ನು ಕೇಳಿಕೊಂಡೇ ಬೆಳೆದವನು ನಾನು. ಮಾಡರೇಟರುಗಳನ್ನು ಕೂರಿಸಿಕೊಂಡು ಒಂದೊಂದು ಪ್ರಶ್ನೆಯ ಹಿಂದೆ ಏನಿದೆ ಎಂದು ಬಿಡಿಸಿ ಹೇಳಿದೆ. ಅಕ್ಟೋಬರಿನಲ್ಲಿ ಗವರ್ನರ್ ನ್ಯೂಸಮ್ ಮಸೂದೆಗೆ ವೀಟೊ ಹಾಕಿದರು. ಈಗಿರುವ ಕಾನೂನಿನಲ್ಲೇ ಇದಕ್ಕೆ ತಡೆಯಿದೆ ಎಂಬುದು ಅವರ ವಾದ. ನಮ್ಮ ನಿಯಮಗಳಲ್ಲಿ ಮಾತ್ರ ಜನಾಂಗ, ಧರ್ಮಗಳ ಸಾಲಿನಲ್ಲಿ ಜಾತಿಯೂ ಉಳಿಯಿತು, ಆ ಮೂರು ಪ್ರಶ್ನೆಗಳ ಉದಾಹರಣೆಯ ಸಮೇತ. ಬಿಳಿಯರಲ್ಲದವರೆಲ್ಲ ಒಂದೇ ಎಂದುಕೊಂಡು ಇಂಥ ಜಾಗ ಕಟ್ಟುವವರ ಮೇಲೆ ನನಗೆ ಅಂದಿನಿಂದ ನಂಬಿಕೆ ಕಮ್ಮಿ.

ಉಳಿದದ್ದು ಸಣ್ಣಪುಟ್ಟ ಕೆಲಸ. ಗುಂಡೇಟಿನ ವಿಡಿಯೊಗಳನ್ನು ಹಾಕುವಂತಿಲ್ಲ, ಬೇಕಾದರೆ ಮಾತಿನಲ್ಲಿ ವಿವರಿಸಿ ಲಿಂಕ್ ಕೊಡಬಹುದು. ಕೆಟ್ಟ ಸುದ್ದಿ ಬಂದ ದಿನ ಸ್ಲೋಮೋಡ್, ಅಂದರೆ ಒಂದು ಸಂದೇಶ ಹಾಕಿದವರು ಇನ್ನೊಂದಕ್ಕೆ ಸ್ವಲ್ಪ ಹೊತ್ತು ಕಾಯಬೇಕು. ರಾತ್ರಿ 11ರ ಮೇಲೆ ಓದಬಹುದು, ಬರೆಯುವಂತಿಲ್ಲ. ಅನುದಾನದ ಬಹುಪಾಲು ಮಾಡರೇಟರುಗಳ ಸಂಬಳಕ್ಕೆ ಹೋಯಿತು. ಅವರೂ ಇಪ್ಪತ್ತರ ಆಸುಪಾಸಿನವರೇ, ಅದೇ ಬೀದಿಗಳವರು. ಪರರ ನೋವು ಕೇಳುವ ಕೆಲಸವನ್ನು ಬಿಟ್ಟಿಯಾಗಿ ಮಾಡಿಸುವುದು ನನಗೆ ಒಪ್ಪಿಗೆಯಿರಲಿಲ್ಲ.

2024ರ ಚುನಾವಣೆ ಮುಗಿದ ಮೇಲೆ ತುಂಬಾ ಮಕ್ಕಳು ಬರುವುದು ನಿಲ್ಲಿಸಿದರು. ಕಾಲೇಜು, ಕೆಲಸ, ಕೆಲವರಿಗೆ ಸುಮ್ಮನೆ ಸುಸ್ತು. ‘ಎಲ್ಲಿ ಹೋದಿರಿ’ ಎಂದು ಎಳೆಯುವ ನೋಟಿಫಿಕೇಶನ್ ಕಳಿಸಲಿಲ್ಲ. ತಿಂಗಳುಗಟ್ಟಲೆ ಬಿಟ್ಟು ಬಂದವರ ಜಾಗವೂ ಹಾಗೇ ಇರುತ್ತದೆ. ಅನುದಾನ ಕೊಟ್ಟವರ ವರದಿ ನಮೂನೆಯಲ್ಲಿ ದಿನಕ್ಕೆ ಎಷ್ಟು ಜನ ಬಳಸುತ್ತಾರೆ ಎಂಬ ಕಾಲಂ ಇತ್ತು. ಅದನ್ನು ಖಾಲಿ ಬಿಟ್ಟು, ಯಾಕೆ ಎಂದು ಒಂದು ಪುಟ ಬರೆದು ಲಗತ್ತಿಸಿದೆವು. ಎರಡು ಸಲ ಫೋನ್ ಮಾಡಿ ಕೇಳಿದರು. ಮುಂದಿನ ಕಂತು ತಡವಾಗಿ ಬಂತು.